ಹಳೇ ಬಾಕ್ಸಿಗೆ ಹೊಸ ಡ್ಯಾಕ್

ಹೊಸ ಫೋನ್ ತಗೊಂಡವರಿಗೆಲ್ಲ ಗೊತ್ತಿರುವ ಸಂಗತಿ ಇದು. ಈಗಿನ ಎಷ್ಟೋ ಫೋನುಗಳಲ್ಲಿ ಇಯರ್‌ಫೋನ್ ಚುಚ್ಚುವ ತೂತೇ ಇಲ್ಲ. ಇರೋದು ಚಾರ್ಜರ್ ತೂತೊಂದೇ. ಅಪ್ಪ ಕಬ್ಬಿನ ದುಡ್ಡು ಚೆನ್ನಾಗಿ ಬಂದ ವರ್ಷ ಮಂಡ್ಯದಿಂದ ತಂದ ಆಂಪ್ಲಿಫೈಯರ್ ಮತ್ತು ಎರಡು ಮರದ ಬಾಕ್ಸು ನಮ್ಮ ನಡುಮನೆಯಲ್ಲಿ ಇನ್ನೂ ಗಟ್ಟಿಯಾಗಿವೆ. ಹಾಡುಗಳೆಲ್ಲ ಫೋನಿಗೆ ಬಂದು ಕೂತಿವೆ. ಎರಡಕ್ಕೂ ನಡುವೆ ಇದ್ದ ವೈರಿನ ದಾರಿ ಹೊಸ ಫೋನ್ ಬಂದ ದಿನ ಮುಚ್ಚಿಹೋಯಿತು.

ನಾವು ಅಂದರೆ ಅಣ್ಣ, ತಂಗಿ ಇಬ್ಬರು. ನಮ್ಮೂರು ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಕೆ.ಎಂ. ದೊಡ್ಡಿಯಿಂದ ಸ್ವಲ್ಪ ಒಳಗೆ. ಮೊದಲು ಒಂದು ಅಗ್ಗದ ಬ್ಲೂಟೂತ್ ಪೆಟ್ಟಿಗೆ ಸಿಕ್ಕಿಸಿ ನೋಡಿದೆವು. ಹಾಡು ಬಂತು, ಹಾಡಿನ ಹಿಂದೆ ಸುಯ್ ಅನ್ನುವ ಸದ್ದೂ ಬಂತು. ಆಮೇಲೆ ಇಬ್ಬರೂ ದುಡ್ಡು ಹಾಕಿ ಒಂದು ಡ್ಯಾಕ್ ತರಿಸಿದೆವು.

ಅಜ್ಜಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿತು, "ಇದ್ಯಾವ್ದು ಮಕ್ಳಾ, ಬೆಂಕಿಪೊಟ್ಣದಂಗದೆ?"

ಅಜ್ಜಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇವೆ. ಫೋನಿನೊಳಗೆ ಇರೋದು ದನಿ ಅಲ್ಲ, ಬರೀ ಅಂಕಿ. ಪೇಪರಿನಲ್ಲಿ ದಿನಾ ಕೆ.ಆರ್.ಎಸ್. ಮಟ್ಟ ಇಷ್ಟು ಅಡಿ ಅಂತ ಹಾಕುತ್ತಾರಲ್ಲ, ಹಂಗೆ. 124.80 ಅಡಿ ಆದರೆ ಕಟ್ಟೆ ತುಂಬಿತು ಅಂತ ಲೆಕ್ಕ. ಒಂದು ವರ್ಷದ ಅಂಕಿಗಳನ್ನೆಲ್ಲ ಗೆರೆ ಎಳೆದು ಸೇರಿಸಿದರೆ ನೀರು ಏರಿದ್ದು, ಇಳಿದದ್ದು ಕಣ್ಣಿಗೆ ಕಾಣುತ್ತದೆ. ಡ್ಯಾಕ್ ಮಾಡುವ ಕೆಲಸವೂ ಅದೇ. ಅಂಕಿಗಳನ್ನು ಓದಿ, ಕರೆಂಟಿನ ಅಲೆಯಾಗಿ ಮತ್ತೆ ಕಟ್ಟುತ್ತದೆ. ಆಂಪ್ಲಿಫೈಯರ್ ಆ ಅಲೆಯನ್ನು ದೊಡ್ಡದು ಮಾಡಿ ಬಾಕ್ಸಿಗೆ ಕೊಡುತ್ತದೆ.

ನೀರಿನ ಮಟ್ಟವನ್ನು ದಿನಕ್ಕೊಂದು ಸಲ ಬರೆದರೆ ಸಾಕು. ದನಿಗೆ ಸಾಲದು. 1982ರಲ್ಲಿ ಸಿ.ಡಿ. ಬಂದಾಗ ಗೊತ್ತುಮಾಡಿದ ಲೆಕ್ಕ ಸೆಕೆಂಡಿಗೆ 44,100 ಸಲ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಸಲ ಅಲುಗುವ ದನಿಯವರೆಗೂ ಕೇಳಿಸುತ್ತದೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಮತ್ತೆ ಕಟ್ಟಬಹುದು. ಹಾಗಾಗಿ ಆ ಲೆಕ್ಕ.

ಡ್ಯಾಕ್ ಎಲ್ಲ ಫೋನಿನಲ್ಲೂ ಇದ್ದೇ ಇರುತ್ತದೆ, ಇಲ್ಲದಿದ್ದರೆ ಫೋನಿನ ಸ್ಪೀಕರೇ ಮಾತಾಡುವುದಿಲ್ಲ. ನಾವು ತಂದದ್ದು ಅದೇ ಕೆಲಸವನ್ನು ಹೊರಗೆ ಅಚ್ಚುಕಟ್ಟಾಗಿ ಮಾಡುವ ಇನ್ನೊಂದು. ಸಿಕ್ಕಿಸಿ, ಮಳವಳ್ಳಿ ಮಹದೇವಸ್ವಾಮಿ ಅವರ ಒಂದು ಕಥೆ ಹಾಕಿದೆವು. ಸುಯ್ ಸದ್ದು ಇಲ್ಲ. ಅವರ ದನಿಯ ಹಿಂದೆ ಬರುವ ತಾಳ ಬೇರೆಯಾಗಿ, ಬಿಡಿಬಿಡಿಯಾಗಿ ಕೇಳಿತು.

ಆದರೆ ಡ್ಯಾಕಿಗೆ ಗೋಡೆಯ ಚಾರ್ಜರಿನಿಂದ ಕರೆಂಟ್ ಕೊಟ್ಟಾಗ ಗುಯ್ ಅನ್ನುವ ಸದ್ದು ಎದ್ದಿತು. ಪವರ್ ಬ್ಯಾಂಕಿನಿಂದ ಕೊಟ್ಟರೆ ಮಾಯ. ಅಂದರೆ ತೊಂದರೆ ಡ್ಯಾಕಿನದಲ್ಲ, ಮನೆಯ ಕರೆಂಟಿನದು. ವೈರಿಂಗ್ ಮಾಡುವ ನಮ್ಮೂರಿನ ಅಣ್ಣ ಬಂದು ಬೋರ್ಡ್ ಬಿಚ್ಚಿ ನೋಡಿ, "ಅರ್ತ್ ವೈರು ಇಲ್ಲೇ ಗೋಡೆಲೇ ನಿಂತೋಗದೆ, ಭೂಮಿಗೇ ಹೋಗಿಲ್ಲ" ಅಂದರು. ಶಿವನಸಮುದ್ರ ನಮ್ಮ ಮಳವಳ್ಳಿ ತಾಲ್ಲೂಕಿನದು, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಾಗ. ಅದೇ ತಾಲ್ಲೂಕಿನ ಪಕ್ಕದ ನಮ್ಮ ಮನೆಗಳಲ್ಲಿ ಅರ್ತ್ ಅನ್ನೋದು ಇನ್ನೂ ಎಷ್ಟೋ ಕಡೆ ಲೆಕ್ಕಕ್ಕಷ್ಟೇ. ಹಿತ್ತಲಲ್ಲಿ ಗುಂಡಿ ತೋಡಿ ಅರ್ತ್ ಹಾಕಿಸಿದೆವು. ಗುಯ್ ನಿಂತಿತು. ಆಂಪ್ಲಿಫೈಯರ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿದ್ದದ್ದೂ ನಿಂತಿತು. ಪ್ಲಗ್ಗಿನ ಮೂರನೇ ಕಡ್ಡಿ ಕಿತ್ತುಹಾಕಿದರೆ ಸದ್ದು ಹೋಗುತ್ತೆ ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ.

ಇಷ್ಟೆಲ್ಲ ಆಗಿ ನಾವು ಒಂದಾದಮೇಲೊಂದು ಹಾಡು ಹಾಕಿ ಮೆರೆಯುತ್ತಿದ್ದಾಗ ಅಜ್ಜಿ ಅಂದಿತು, "ದನಿ ಸಂದಾಗದೆ ಕಣ್ರಪ್ಪ. ಅಲ್ಲ, ನಮ್ಮ ಸೋಬಾನೆ ಹಾಕ್ತದಾ ಇದು?"

ಅತ್ತೆಯ ಮದುವೆ ಚಪ್ಪರದಲ್ಲಿ ಅಜ್ಜಿಯೂ ಅಜ್ಜಿಯ ಅಕ್ಕನೂ ಹೇಳಿದ ಸೋಬಾನೆ ಪದಗಳನ್ನು ಅಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. 60 ನಿಮಿಷದ ಒಂದೇ ಕ್ಯಾಸೆಟ್. ದೊಡ್ಡಜ್ಜಿ ಈಗಿಲ್ಲ. ಅಜ್ಜಿಗೆ ಅರ್ಧಕ್ಕರ್ಧ ಪದ ಮರೆತಿದೆ. ಅವ್ವನಿಗೆ ಸೊಲ್ಲು ಎತ್ತಿಕೊಳ್ಳಲು ಬರುತ್ತದೆ, ಮುಂದೆ ನಿಂತು ಹೇಳಲು ಬರುವುದಿಲ್ಲ. ನಮಗೆ ಅದೂ ಬರುವುದಿಲ್ಲ. ಪದ ಪೂರ್ತಿ ಉಳಿದಿರುವುದು ಟ್ರಂಕಿನಲ್ಲಿದ್ದ ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಡ್ಯಾಕ್ ಅಂಕಿಯಿಂದ ದನಿ ಮಾಡುತ್ತದೆ. ಯಾರೂ ಅಂಕಿ ಮಾಡಿಡದ ದನಿಗೆ ಅದು ಏನೂ ಮಾಡಲಾರದು. ಎಷ್ಟು ಸಾವಿರದ್ದು ತಂದರೂ ಅಷ್ಟೇ. ಸಿನಿಮಾ ಹಾಡು, ಭಾವಗೀತೆಗಳನ್ನು ಕಂಪನಿಯವರು ಅಂಕಿ ಮಾಡಿಟ್ಟಿದ್ದಾರೆ. ನಮ್ಮ ಚಪ್ಪರದ ಹಾಡನ್ನು ನಾವೇ ಮಾಡಬೇಕು.

ಕ್ಯಾಸೆಟ್ಟಿನ ರೀಲು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಪುಡಿಯಲ್ಲಿ ದನಿ ಇರುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಸೆಟೆಯುತ್ತದೆ, ಅಂಟು ಬಿಟ್ಟರೆ ಪುಡಿ ಉದುರುತ್ತದೆ. ಮನೆಯ ಹಳೇ ಪ್ಲೇಯರಿನ ರಬ್ಬರ್ ಬೆಲ್ಟ್ ಕರಗಿ ಅಂಟಾಗಿತ್ತು. ಮಂಡ್ಯದಲ್ಲಿ ಒಬ್ಬ ಹಳೇ ರೇಡಿಯೊ ರಿಪೇರಿಯವರು ಬೆಲ್ಟ್ ಬದಲಿಸಿ, ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟರು. ನಮ್ಮದನ್ನು ಹಾಕುವ ಮೊದಲು ಬೇಡದ ಒಂದು ಕ್ಯಾಸೆಟ್ ಓಡಿಸಿ ನೋಡಿ ಅಂತ ಬುದ್ಧಿಯನ್ನೂ ಹೇಳಿದರು. ಒಳ್ಳೇ ಮಾತು. ರೀಲು ಸಿಕ್ಕಿಕೊಂಡು ಹರಿದರೆ ಅಲ್ಲಿಗೆ ಮುಗಿಯಿತು.

ಪ್ಲೇಯರಿನಿಂದ ಲ್ಯಾಪ್‌ಟಾಪಿಗೆ ಒಂದು ಯು.ಎಸ್.ಬಿ. ಸೌಂಡ್ ಕಾರ್ಡ್ ಹಾಕಿದೆವು. ಅದು ಡ್ಯಾಕಿನ ಉಲ್ಟಾ, ಅಲೆಯನ್ನು ಅಂಕಿ ಮಾಡುತ್ತದೆ. ಅಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ, ಕುಗ್ಗಿಸದೆ ವೇವ್ ಫೈಲಾಗಿ ಇಟ್ಟೆವು. ಒಂದು ಗಂಟೆಗೆ ಸುಮಾರು 600 ಎಂ.ಬಿ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತಲೇ ಕಳಿಸಿದೆವು. ಒಂದು ಪ್ರತಿ ಅತ್ತೆಯ ಮನೆಯಲ್ಲೂ ಇದೆ.

ಆ ಸಂಜೆ ಅದೇ ಡ್ಯಾಕು, ಅದೇ ಬಾಕ್ಸಿನಲ್ಲಿ ಹಾಕಿದೆವು. ಟೇಪಿನ ಸುಯ್ ಇತ್ತು, ಅದು ಕ್ಯಾಸೆಟ್ಟಿನಲ್ಲೇ ಇದ್ದದ್ದು, ಯಾವ ಡ್ಯಾಕೂ ತೆಗೆಯುವುದಿಲ್ಲ. ಅದರ ನಡುವೆ ಬಳೆ ಸದ್ದು, ಯಾವುದೋ ಮಗುವಿನ ಅಳು, ಆಮೇಲೆ ದೊಡ್ಡಜ್ಜಿಯ ದನಿ. ಅಜ್ಜಿ ಬಾಕ್ಸಿನ ಹತ್ತಿರ ಹೋಗಿ ಕೂತಿತು. "ನಮ್ಮಕ್ಕ ಉಸ್ರು ತಗಳೋದೂ ಕೇಳ್ತದೆ" ಅಂದಿತು. ಮೂರನೇ ಪದಕ್ಕೆ ತಾನೂ ದನಿ ಸೇರಿಸಿತು.

ಹಳೇ ಬಾಕ್ಸು ಇರುವವರು ಡ್ಯಾಕ್ ತರಲಿ, ಖಂಡಿತ ದುಡ್ಡಿಗೆ ಮೋಸವಿಲ್ಲ. ಅದಕ್ಕೂ ಮೊದಲು ಎರಡು ಕೆಲಸ ಮಾಡಿ. ಮನೆಯ ಅರ್ತ್ ನೋಡಿಸಿ. ಟ್ರಂಕು, ಅಟ್ಟ ಹುಡುಕಿ, ಮನೆಯವರ ದನಿ ಇರುವ ಕ್ಯಾಸೆಟ್ ಇದ್ದರೆ ಅಂಕಿ ಮಾಡಿಸಿ. ಡ್ಯಾಕ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ.

ಅವ್ವ ಈಗ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದೆ. ಎರಡು ಸಾಲು ಮಾತ್ರ ಎಷ್ಟು ಸಲ ಹಾಕಿದರೂ ಬಿಡಿಸಲು ಆಗಲಿಲ್ಲ. ದೊಡ್ಡಜ್ಜಿಯ ಸೊಸೆ ಮಳವಳ್ಳಿ ಕಡೆ ಇದ್ದಾರೆ, ಅವರಿಗೆ ಗೊತ್ತಿರಬಹುದು ಅನ್ನುತ್ತದೆ ಅಜ್ಜಿ. ಕಬ್ಬು ಕಡಿದ ಮೇಲೆ ಮೂವರೂ ಹೋಗಿ ಕೇಳಿಕೊಂಡು ಬರುತ್ತೇವೆ.