ತಿಂಗಳ ಬಿಲ್ ಇಲ್ಲದ ಪಂದ್ಯ

ಅಬ್ಬಾ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಕೆಲಸ ಕಡಿಮೆಯಾದ ವರ್ಷ ಮನೆಯ ಖರ್ಚಿನ ಲೆಕ್ಕಕ್ಕೆ ಕೂತರು. ನನ್ನ ಬಸ್ ಪಾಸ್, ದಾದಾ ಅವರ ಮಾತ್ರೆ, ಕೇಬಲ್ಲಿನ 300 ರೂಪಾಯಿ. ಮೂರರಲ್ಲಿ ಒಂದನ್ನು ಬಿಡಲೇಬೇಕಿತ್ತು. ಕೇಬಲ್ ಹೋಯಿತು.

ನಮಗೆಲ್ಲ ಅದು ದೊಡ್ಡ ವಿಷಯವಲ್ಲ. ಆದರೆ ದಾದಾಗೆ ಮೊಣಕಾಲು ನೋವು, ಮನೆಯಿಂದ ಹೊರಗೆ ಹೋಗಲಾರರು. ಅವರಿಗಿದ್ದ ಖುಷಿ ಒಂದೇ, ಕ್ರಿಕೆಟ್. ನಮ್ಮದು ಜಾವಗಲ್. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮುಂದೆ ನಮ್ಮೂರಿದೆ. ಏಕದಿನ ಪಂದ್ಯಗಳಲ್ಲಿ ಅವರು ಪಡೆದ 315 ವಿಕೆಟ್‌ಗಳೂ ನಮ್ಮ ಮನೆಗೇ ಸೇರಿದವು ಎನ್ನುವಂತೆ ದಾದಾ ಮಾತಾಡುತ್ತಿದ್ದರು.

ಫೋನಿನಲ್ಲಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್, ದಿನಕ್ಕೆ ಒಂದೂವರೆ ಜಿಬಿ. ನನ್ನ ಪಾಠದ ವಿಡಿಯೊ, ತಮ್ಮನ ಹೋಂವರ್ಕ್ ಎಲ್ಲವೂ ಅದರಲ್ಲೇ. ಮೇಲಾಗಿ ಅಷ್ಟು ಸಣ್ಣ ಪರದೆಯಲ್ಲಿ ದಾದಾಗೆ ಚೆಂಡೇ ಕಾಣುತ್ತಿರಲಿಲ್ಲ.

ದಾರಿ ತೋರಿಸಿದವರು ಮಾಮೂ. ದೂರದರ್ಶನದ ಡಿಡಿ ಫ್ರೀ ಡಿಶ್ 2004ರ ಡಿಸೆಂಬರ್‌ನಿಂದ ಇದೆ. ಛತ್ರಿ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಬಿಲ್ ಇಲ್ಲ. ಅದರ ಉಪಗ್ರಹ ನಮಗೆ ಆಗ್ನೇಯ ದಿಕ್ಕಿನಲ್ಲಿದೆ. ನಮ್ಮ ಮನೆಯ ಆಗ್ನೇಯಕ್ಕೆ ಪಕ್ಕದವರ ತೆಂಗಿನ ಮರಗಳು! ಗರಿ ಅಡ್ಡ ಬಂದರೆ ಚಿತ್ರವಿಲ್ಲ. ಛತ್ರಿಯನ್ನು ಮೂರು ಕಡೆ ಇಟ್ಟು ನೋಡಿ, ಕೊನೆಗೆ ನೀರಿನ ಟ್ಯಾಂಕಿನ ಮೇಲೆ ಕೂರಿಸಿದೆವು.

ಖಾಸಗಿ ಕಂಪನಿಗಳು ಕೋಟಿಗಟ್ಟಲೆ ಕೊಟ್ಟು ಕೊಂಡ ಪಂದ್ಯ ಇಲ್ಲಿ ಹೇಗೆ ಬರುತ್ತದೆ? ಅದಕ್ಕೆ 2007ರ ಕಾನೂನು ಕಾರಣ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಹಕ್ಕು ಪಡೆದವರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಜಾಹೀರಾತಿನ ಆದಾಯದಲ್ಲಿ ಕನಿಷ್ಠ ಶೇ 75 ಅವರಿಗೆ ಸಿಗುತ್ತದೆ. ಹೀಗೆ ಬಂದ ಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅಂದರೆ ಕೆಲವು ಪಂದ್ಯಗಳ ಮಟ್ಟಿಗೆ ಕೇಬಲ್ ಇದ್ದವರಿಗೆ ಸಿಗದ್ದು ನಮಗೆ ಸಿಕ್ಕಿತು.

2024ರ ಜೂನ್ 29ರ ಟಿ-20 ವಿಶ್ವಕಪ್ ಫೈನಲ್ ನಾವು ನೋಡಿದ್ದು ಹಾಗೆಯೇ. ಅಬ್ಬಾ ಇಶಾ ನಮಾಜ್ ಮುಗಿಸಿ ಬಂದರು, ಪಕ್ಕದ ಮನೆಯವರೂ ಬಂದರು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಗಳಲ್ಲಿ 30 ರನ್ ಸಾಕಿದ್ದಾಗ ಅಮ್ಮಿ ಎದ್ದು ಅಡುಗೆಮನೆಗೆ ಹೋದರು. ಕೊನೆಯ ಓವರ್‌ನಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಮಿಲ್ಲರ್ ಕ್ಯಾಚ್ ಹಿಡಿದಾಗ ದಾದಾ ಗೋಡೆ ಹಿಡಿದು ಎದ್ದು ನಿಂತರು. ಭಾರತ 7 ರನ್‌ಗಳಿಂದ ಗೆದ್ದಿತು. ಅದೇ ಚಳಿಗಾಲದಲ್ಲಿ ದಾದಾ ತೀರಿಕೊಂಡರು. ಅವರು ಪೂರ್ತಿಯಾಗಿ ನೋಡಿದ ಕೊನೆಯ ಪಂದ್ಯ ಅದು.

ಎಲ್ಲ ಪಂದ್ಯಗಳೂ ಹೀಗೆ ಸಿಗುವುದಿಲ್ಲ. ಐಪಿಎಲ್ ಈ ಪಟ್ಟಿಯಲ್ಲಿಲ್ಲ. ಆಗ ಗೆಳೆಯರು ಕದ್ದು ತೋರಿಸುವ ಆ್ಯಪ್‌ಗಳ ಲಿಂಕ್ ಕಳಿಸುತ್ತಾರೆ. ಬ್ಯಾಂಕ್ ಖಾತೆಯೂ ಇರುವ ಮನೆಯ ಒಂದೇ ಫೋನಿಗೆ ಅಂಥದ್ದನ್ನು ಹಾಕುವ ಧೈರ್ಯ ನನಗಿಲ್ಲ. ಸ್ಕೋರ್ ನೋಡಿ ಸುಮ್ಮನಾಗುತ್ತೇನೆ.

ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ್ದೂ ಕ್ರಿಕೆಟ್ ಪ್ರಸಾರದ ಜಗಳದಿಂದಲೇ. ಪೌರನೀತಿಯ ಪಾಠದಲ್ಲಿ 'ಸಾರ್ವಜನಿಕ' ಎಂಬ ಪದ ಬಂದಾಗ ನನಗೆ ಈಗ ಅದರ ಅರ್ಥ ಹುಡುಕಬೇಕಾಗಿಲ್ಲ.