ಅಕ್ಕನ ಮೇಜು

ನಮ್ಮ ಹಿರಿಯರು ನೆಲದ ಮೇಲೆ ಕುಳಿತು ಬರೆದವರು. ಶಾನುಭೋಗರ ಮನೆಯಲ್ಲಾಗಲಿ, ಪೇಟೆಯ ಮಂಡಿಯಲ್ಲಾಗಲಿ, ಚಾಪೆಯ ಮುಂದೆ ಒಂದು ಗಿಡ್ಡ ಮೇಜು ಇರುತ್ತಿತ್ತು. ಬರೆಯುವವರ ಕಡೆಗೆ ಇಳಿಜಾರಾದ ಮುಚ್ಚಳ. ಅದರ ಮೇಲ್ತುದಿಯಲ್ಲಿ ಮಸಿಕುಡಿಕೆ ಇಡಲು ಸಮತಟ್ಟಾದ ಪಟ್ಟಿ. ಮುಚ್ಚಳ ಎತ್ತಿದರೆ ಒಳಗೆ ಲೆಕ್ಕದ ಪುಸ್ತಕ, ಲೇಖನಿ, ಬ್ಲಾಟಿಂಗ್ ಪೇಪರು.

ನಮ್ಮ ತಂದೆಯವರಲ್ಲಿಯೂ ಅಂತಹದೊಂದಿತ್ತು. ಅವರ ತರುವಾಯ ಅದನ್ನು ಬಳಸಿದವಳು ನನ್ನ ಅಕ್ಕ. ಹಾಲಿನ ಲೆಕ್ಕ, ಅಡಿಕೆಯ ಲೆಕ್ಕ, ಮದುವೆಯಾಗಿ ದೂರ ಹೋದ ತಂಗಿಯರಿಗೆ ಕಾಗದ, ಎಲ್ಲವೂ ಅದರ ಮೇಲೆಯೇ. ಕಾಲಕ್ರಮದಲ್ಲಿ ಮೇಜು ಗೆದ್ದಲಿಗೆ ಆಹುತಿಯಾಯಿತು. ಅಕ್ಕನ ಮೊಣಕಾಲುಗಳು ನೆಲದ ನಂಟನ್ನು ಬಿಟ್ಟವು. ಬರವಣಿಗೆಯೂ ನಿಂತುಹೋಯಿತು. ಅವಳಿಗೆ ಎಂಬತ್ತು ತುಂಬುವ ವರ್ಷ, ಅಂತಹ ಮೇಜೊಂದನ್ನು ನನ್ನ ಕೈಯಿಂದಲೇ ಮಾಡಿಕೊಡಬೇಕೆಂದು ಸಂಕಲ್ಪಿಸಿದೆ.

ನನ್ನಲ್ಲಿ ಓದಿದವರೊಬ್ಬರು ಈಗ ನುರಿತ ಬಡಗಿಗಳು. ಅವರ ಕೆಲಸದ ಕೊಟ್ಟಿಗೆಯೇ ನನಗೆ ಪಾಠಶಾಲೆಯಾಯಿತು. ಕೆಡವಿದ ಮನೆಯೊಂದರ ಹಲಸಿನ ಹಲಗೆಗಳು ದೊರೆತವು. ತಂಜಾವೂರಿನ ವೀಣೆಗೆ ಒದಗುವುದೂ ಇದೇ ಮರ. ವರ್ಷಗಳುರುಳಿ ಕಂದುಬಣ್ಣಕ್ಕೆ ತಿರುಗಿದ್ದ ಹಲಗೆಯ ಮೇಲೆ ಕೀಸುಳಿ ಹಾಯಿಸಿದೊಡನೆ ಒಳಗಿನ ಅರಿಶಿನದ ಬಣ್ಣ ಕಣ್ಣು ತೆರೆಯಿತು.

ಜೋಡಣೆಗೆ ಮೊಳೆ ಬಳಸಲಿಲ್ಲ. ಕಾಲಿನಲ್ಲಿ ಚೌಕದ ಕುಳಿ ತೋಡಿ, ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೊರೆದು ಅದರೊಳಗೆ ಸೇರಿಸಿ, ಎರಡನ್ನೂ ತೂರುವಂತೆ ಬಿದಿರಿನ ಗೂಟ ಬಡಿದೆವು. ತಳದ ಹಲಗೆಯನ್ನು ಮಾತ್ರ ಸುತ್ತಲಿನ ಹಲಗೆಗಳ ಸೀಳಿನಲ್ಲಿ ಅಂಟು ಹಾಕದೆ ಕೂರಿಸಿದೆವು. “ಮೇಷ್ಟ್ರೇ, ಮರ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿಗಿದು ಹಿಡಿದರೆ ಸೀಳುತ್ತದೆ. ಸ್ವಲ್ಪ ಜಾಗ ಬಿಡಿ” ಎಂದರು ನನ್ನ ಗುರುಗಳು. ಕೊನೆಗೆ ಅಗಸೆ ಎಣ್ಣೆಯನ್ನು ಮೂರು ಸಲ ತೆಳುವಾಗಿ ಉಜ್ಜಿ ಒಣಗಿಸಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಬಿಡಿಸಿ ಹರಡಬೇಕು. ಇಲ್ಲವಾದರೆ ತಾನೇ ಕಾದು ಹೊತ್ತಿಕೊಳ್ಳಬಹುದೆಂದೂ ಅವರೇ ತಿಳಿಸಿದರು.

ಮೇಜಿನ ಕಾಲುಗಳನ್ನು ಕಂಡು ಬಂಧುಗಳೊಬ್ಬರು ಆಕ್ಷೇಪಿಸಿದರು: “ಇಷ್ಟು ಎತ್ತರ ಮಾಡಿದ ಮೇಲೆ ಇದು ಸಂಪ್ರದಾಯದ ಮೇಜು ಹೇಗಾದೀತು?” ಪ್ರಶ್ನೆ ಸಾಧುವಾದುದೇ. ಆದರೆ ನಮ್ಮ ಹಳೆಯ ಅಳತೆಗಳನ್ನು ನೋಡಿ: 12 ಅಂಗುಲಕ್ಕೆ ಒಂದು ಗೇಣು, 2 ಗೇಣಿಗೆ ಒಂದು ಮೊಳ. ಎಲ್ಲವೂ ಮನುಷ್ಯನ ಕೈಯಿಂದಲೇ ಹುಟ್ಟಿದವು. ಗಿಡ್ಡ ಮೇಜು ಗಿಡ್ಡವಾದದ್ದು ಚಕ್ಕಳಮಕ್ಕಳ ಹಾಕಿ ಕುಳಿತವರ ಅನುಕೂಲಕ್ಕಾಗಿ. ಬಳಸುವವರನ್ನು ಅಳೆದು ವಸ್ತುವನ್ನು ರೂಪಿಸುವುದೇ ಸಂಪ್ರದಾಯವೆಂದು ನಾನು ತಿಳಿದಿದ್ದೇನೆ. ಬೆತ್ತದ ಕುರ್ಚಿಯಲ್ಲಿ ಕುಳಿತ ಅಕ್ಕನ ಮೊಣಕೈ ನೆಲದಿಂದ 25 ಇಂಚಿನಷ್ಟು ಮೇಲಿತ್ತು. ನನ್ನ ಮೇಜಿಗೆ ಅದೇ ಶಾಸ್ತ್ರವಾಯಿತು.

ಹುಟ್ಟುಹಬ್ಬದ ದಿನ ಅರಿಶಿನ ಕುಂಕುಮ ಹಚ್ಚಿ, ಮೇಜನ್ನು ಅವಳ ಕಿಟಕಿಯ ಬಳಿ ಇರಿಸಿದೆವು. ಅಕ್ಕ ಹೊಗಳಲಿಲ್ಲ. ಇಳಿಜಾರನ್ನು ಅಂಗೈಯಿಂದ ನಿಧಾನವಾಗಿ ಸವರಿದಳು. ಮುಚ್ಚಳ ಎತ್ತಿ ಒಳಗಿನ ಮರದ ವಾಸನೆ ನೋಡಿದಳು. ಬಳಿಕ, “ಎಷ್ಟಾಯಿತೋ ಖರ್ಚು? ಒಂದೊಂದಾಗಿ ಹೇಳು, ಬರೆದಿಡುತ್ತೇನೆ” ಎಂದಳು.

ಆರು ವರ್ಷಗಳ ಅನಂತರ ಅವಳು ಬರೆದದ್ದು ಆ ಮೇಜಿನ ಲೆಕ್ಕವನ್ನೇ. ಹಲಗೆ, ಎಣ್ಣೆ, ಹಿತ್ತಾಳೆಯ ಕೀಲು, ಎಲ್ಲದರ ಮುಂದೆಯೂ ಮೊತ್ತ ಬಿದ್ದಿತು. ಕೂಲಿ ಎಂಬುದರ ಮುಂದೆ ಮಾತ್ರ, ನಡುಗುವ ಅಕ್ಷರಗಳಲ್ಲಿ, ‘ತಮ್ಮ’ ಎಂದಷ್ಟೇ ಬರೆದಳು.