ಆರಡಿ ಮೇಲಿನ ನಿದ್ದೆ

ಈಚೆಗೆ ಸಕಲೇಶಪುರದ ಕಡೆಗೋ ಗೋವಾ ದಾರಿಯಲ್ಲೋ ಹೋಗುವಾಗ ಕೆಲವು ಜೀಪುಗಳ ನೆತ್ತಿಯ ಮೇಲೆ ಕಪ್ಪು ಹೊದಿಕೆಯ ದೊಡ್ಡ ಪೆಟ್ಟಿಗೆಯಂಥದ್ದನ್ನು ನೀವೂ ನೋಡಿರಬಹುದು. ಲಗೇಜು ಅಂದುಕೊಂಡು ಸುಮ್ಮನಾಗುತ್ತೇವೆ. ಅದು ಮಡಚಿಟ್ಟ ಮಲಗುವ ಕೋಣೆ. ಗಾಡಿ ನಿಲ್ಲಿಸಿ, ಹೊದಿಕೆ ಬಿಚ್ಚಿ, ಏಣಿ ಹಿಡಿದು ಎಳೆದರೆ ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಒಳಗೆ ಹಾಸಿಗೆ ಮೊದಲೇ ಹಾಸಿರುತ್ತದೆ. ಮಾರುವವರು ಇದನ್ನು ರೂಫ್‌ಟಾಪ್ ಟೆಂಟ್ ಅನ್ನುತ್ತಾರೆ. 1950ರ ದಶಕದ ಕೊನೆಯ ಹೊತ್ತಿಗೆ ಇಟಲಿಯಲ್ಲಿ ಇದರ ಮಾರಾಟ ಶುರುವಾಗಿತ್ತು. ಆಮೇಲೆ ಆಫ್ರಿಕಾ, ಆಸ್ಟ್ರೇಲಿಯಾಗಳ ದೂರ ಪ್ರಯಾಣಿಕರ ನಡುವೆ ಬೇರೂರಿ, ಈಗ ನಮ್ಮ ರಸ್ತೆಗೂ ಬಂದಿದೆ.

ನೆಲ ಬಿಟ್ಟು ಎತ್ತರದಲ್ಲಿ ಮಲಗುವ ಉಪಾಯವೇನೂ ಆಮದಾದದ್ದಲ್ಲ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟಿ, ಹಂದಿ ಬಂದರೆ ಕೂಗು ಹಾಕಿ, ಆನೆ ಬಂದರೆ ಪಟಾಕಿ ಹೊಡೆದು ರಾತ್ರಿ ಕಳೆಯುವ ರೈತರು ಚಾಮರಾಜನಗರದಿಂದ ಮಲೆನಾಡಿನವರೆಗೆ ಇದ್ದಾರೆ. ಕಾರಿನ ಮೇಲಿನ ಟೆಂಟು ಮೊದಲ ನೋಟಕ್ಕೆ ಗಾಲಿ ಬಂದ ಅಟ್ಟಣೆಯಂತೆಯೇ ಕಾಣುತ್ತದೆ.

ನನಗೆ ಇದು ವಾರಾಂತ್ಯದ ಶೋಕಿಯ ವಿಷಯವಲ್ಲ. ಕುರಿಗಾಹಿಗಳ ವಲಸೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ಕೊಪ್ಪಳ, ಗದಗದ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಸಾಗುವ ಹಿಂಡುಗಳ ಜೊತೆ ವಾರಗಟ್ಟಲೆ ಇರಬೇಕು. ಊರಲ್ಲಿ ಕೋಣೆ ಹಿಡಿದರೆ ಬೆಳಿಗ್ಗೆ ನಾನು ತಲುಪುವಷ್ಟರಲ್ಲಿ ಹಿಂಡು ಹೊರಟಿರುತ್ತದೆ. ಹಾಗಾಗಿ ಅಣ್ಣನ ಹಳೆಯ ಬೊಲೆರೊ ತೆಗೆದುಕೊಂಡು, ಅದರ ಮಗ್ಗುಲಲ್ಲಿ ಎರಡೂವರೆ ಕಿಲೋ ತೂಕದ ಸಾದಾ ಟೆಂಟು ಹಾಕಿ ಎರಡು ಚಳಿಗಾಲ ಕಳೆದಿದ್ದೇನೆ. ಪಶ್ಚಿಮಘಟ್ಟದ ಕಪ್ಪೆಗಳ ಕೂಗನ್ನು ದಾಖಲಿಸುವ ನನ್ನ ಹಿರಿಯ ಗೆಳೆಯನೊಬ್ಬ ಈಗ ಥೀಸಿಸ್ ಒಪ್ಪಿಸಿ ಹೊರಟಿದ್ದಾನೆ. ತನ್ನ ರೂಫ್‌ಟಾಪ್ ಟೆಂಟನ್ನು ನನಗೆ 45 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಾನೆ. ಹೊಸದಕ್ಕೆ ಅದರ ದುಪ್ಪಟ್ಟು ಕೊಟ್ಟಿದ್ದನಂತೆ. ಜೆ.ಆರ್.ಎಫ್. ಮೊತ್ತ ತಿಂಗಳಿಗೆ 37 ಸಾವಿರ, ಎಸ್.ಆರ್.ಎಫ್. ಆದರೆ 42 ಸಾವಿರ. ಅಂದರೆ ಒಂದು ತಿಂಗಳು ಪೂರ್ತಿ ಉಪವಾಸವಿದ್ದರೂ ಸಾಲದು. ಇಷ್ಟು ದುಡ್ಡಿನ ಮಾತು ಬಂದಾಗ ಲೆಕ್ಕ ಹಾಕದೆ ವಿಧಿಯಿಲ್ಲ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಕಳೆದ ಜುಲೈನಲ್ಲಿ ಅವನ ಕಪ್ಪೆಗಣತಿಗೆ ಕೈಜೋಡಿಸಲು ಆಗುಂಬೆ ಕಡೆಗೆ ಹೋಗಿದ್ದೆ. ಪರಿಚಯದವರ ಮನೆಯ ಅಡಿಕೆ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ. ಅವನು ಗಾಡಿಯೊಳಗೆ ಮಲಗಿ, ಆರು ರಾತ್ರಿ ನನಗೆ ಮೇಲಿನ ಟೆಂಟು ಬಿಟ್ಟುಕೊಟ್ಟ. "ಒಂದ್ಸಲ ಮೇಲೆ ಮಲಗಿ ನೋಡು ಮಾರಾಯ್ತಿ, ಆಮೇಲೆ ಕೆಳಗೆ ಮಲಗೋಕೆ ಮನಸ್ಸೇ ಬರಲ್ಲ" ಅಂದಿದ್ದ. ಅವನ ಮಾತಿನಲ್ಲಿ ಹುರುಳಿತ್ತು. ಮಲೆನಾಡಿನ ಮಳೆಯಲ್ಲಿ ನೆಲದ ಟೆಂಟು ಹಾಕಿದವರಿಗೆ ಗೊತ್ತು: ಸಮತಟ್ಟು ಜಾಗ ಸಿಗುವುದಿಲ್ಲ, ಸಿಕ್ಕಿದ್ದು ನಡುರಾತ್ರಿ ಹಳ್ಳವಾಗುತ್ತದೆ, ಒದ್ದೆ ಬಟ್ಟೆ ಕಳಚುವಷ್ಟರಲ್ಲಿ ಇಂಬಳ ಒಳಗೆ ಬಂದಿರುತ್ತದೆ. ಮೇಲೆ ಈ ಯಾವುದೂ ಇರಲಿಲ್ಲ. ಗಟ್ಟಿ ಹಾಸಿಗೆ, ಕೆಳಗೆ ಹರಿದುಹೋಗುವ ನೀರು, ಕಿಟಕಿಯಾಚೆ ಕಪ್ಪೆಗಳ ಗದ್ದಲ. ಫೀಲ್ಡ್‌ವರ್ಕಿನಲ್ಲಿ ನಿದ್ದೆ ಕೆಟ್ಟರೆ ಮರುದಿನದ ಟಿಪ್ಪಣಿಯೂ ಕೆಡುತ್ತದೆ. ಆ ಆರು ದಿನದ ನನ್ನ ಟಿಪ್ಪಣಿಗಳು ಚೆನ್ನಾಗಿವೆ.

ಆದರೆ ಎತ್ತರದ ಹೆಸರಿನಲ್ಲಿ ಹೇಳುವ ಎಲ್ಲ ಲಾಭವೂ ಎತ್ತರದಿಂದ ಬಂದದ್ದಲ್ಲ. ಹಾವಿನ ವಿಷಯ ತೆಗೆದುಕೊಳ್ಳಿ. ಕಟ್ಟುಹಾವು ರಾತ್ರಿ ಓಡಾಡುವಂಥದ್ದು. ಬರಿ ನೆಲದಲ್ಲಿ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ಕಚ್ಚಿದ್ದು ತಿಳಿಯುವುದೂ ಇಲ್ಲ. ಅದಕ್ಕೇ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಎಂದು ವೈದ್ಯರು ಹೇಳುವುದು. ತಳ ಹೊಲಿದ ಸಾದಾ ಟೆಂಟಿನ ಜಿಪ್ಪು ಪೂರ್ತಿ ಮುಚ್ಚಿದ್ದರೆ ಆ ರಕ್ಷಣೆ ಹೆಚ್ಚುಕಡಿಮೆ ನೆಲದಲ್ಲೂ ಸಿಗುತ್ತದೆ. ಇನ್ನು ಆನೆ. ಬೊಲೆರೊದ ಛಾವಣಿ ನೆಲದಿಂದ ಆರಡಿಗೆ ತುಸು ಮೇಲೆ. ಆನೆಯ ಮುಂದೆ ಅದು ಎತ್ತರವೇ ಅಲ್ಲ. ಅಪ್ಪಣೆಯಿಲ್ಲದೆ ಕಾಡಿನೊಳಗೆ ತಂಗುವಂತಿಲ್ಲ ಎಂಬುದನ್ನು ನೆಲದವರೂ ಛಾವಣಿಯವರೂ ಒಟ್ಟಿಗೇ ನೆನಪಿಡಬೇಕು.

ಭಾರದ ಲೆಕ್ಕ ಬೇರೆ. ಇಂಥ ಟೆಂಟುಗಳು ಸಾಮಾನ್ಯವಾಗಿ 50ರಿಂದ 75 ಕಿಲೋ ತೂಗುತ್ತವೆ. ಗಾಡಿ ಓಡುವಾಗ ಛಾವಣಿ ಹೊರಬಹುದಾದ ಭಾರಕ್ಕೆ ತಯಾರಕರು ಒಂದು ಮಿತಿ ಹೇಳಿರುತ್ತಾರೆ, ಎಷ್ಟೋ ಕಾರುಗಳಲ್ಲಿ ಅದು 100 ಕಿಲೋದೊಳಗೇ. ನಿಂತಾಗ ಇದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ, ಯಾಕೆಂದರೆ ತಿರುವು, ಬ್ರೇಕು, ಗುಂಡಿಗಳ ಏಟು ಆಗ ಇರುವುದಿಲ್ಲ. ಆದ್ದರಿಂದ ಇಬ್ಬರು ಮೇಲೆ ಮಲಗಿದರೆ ಛಾವಣಿ ಕುಸಿದೀತೇ ಎಂಬ ಭಯಕ್ಕಿಂತ, ಖಾಲಿ ಟೆಂಟು ಹೊತ್ತು ಘಾಟಿ ಇಳಿಯುವಾಗಿನ ಎಚ್ಚರವೇ ಮುಖ್ಯ. ಭಾರ ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಗಾಳಿಯ ತಡೆಗೆ ಡೀಸೆಲ್ಲೂ ಹೆಚ್ಚು ಬೇಕು. ತೋಟದ ದಾರಿಯ ತಗ್ಗು ಕೊಂಬೆಗಳು ಹೊದಿಕೆ ಹರಿಯುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಗೆ ಮಾಡುವ ಮಾರ್ಪಾಡುಗಳಿಗೆ ಮಿತಿ ಹಾಕಿದೆ. ಕೂರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಕೇಳಿಕೊಳ್ಳುವುದು ಲೇಸು.

ಬಯಲುಸೀಮೆಗೆ ಬಂದರೆ ಗಾಳಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಬಯಲಿನಲ್ಲಿ ನೆಲದ ಟೆಂಟನ್ನು ಬದುವಿನ ಮರೆಗೆ, ಜಾಲಿಯ ಮರೆಗೆ ತಗ್ಗಿಸಿ ಹಾಕಬಹುದು. ಆರಡಿ ಮೇಲಿನ ಬಟ್ಟೆಗೆ ಯಾವ ಮರೆಯೂ ಇಲ್ಲ, ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಇನ್ನೂ ಗಂಭೀರ ಸಂಗತಿಯೊಂದಿದೆ. ಸಿಡಿಲಿನ ಹೊತ್ತಿಗೆ ಬಾಗಿಲು, ಕಿಟಕಿ ಮುಚ್ಚಿದ ಕಾರಿನೊಳಗೆ ಕೂತರೆ ಸುತ್ತಲಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕಿಳಿಸುತ್ತದೆ. ಟೆಂಟು ಇರುವುದು ಆ ಲೋಹದ ಹೊರಗೆ. ಬಟಾಬಯಲಿನಲ್ಲಿ ಸುತ್ತಲಿನ ಎಲ್ಲಕ್ಕಿಂತ ಎತ್ತರದಲ್ಲಿ ಬಟ್ಟೆಯ ಗೋಡೆಯ ಹಿಂದೆ ಮಲಗಿರುತ್ತೇವೆ. ಕಾರಿನ ಮೇಲಿರುವುದನ್ನು ಕಾರಿನಲ್ಲಿರುವುದೆಂದು ತಿಳಿಯಬಾರದು. ದೂರದಲ್ಲಿ ಗುಡುಗು ಕೇಳಿದಾಗಲೇ ಕೆಳಗಿಳಿದು ಗಾಡಿಯೊಳಗೆ ಸೇರಬೇಕು.

ಏಣಿಯ ಬಗ್ಗೆ ಜಾಹೀರಾತುಗಳು ಹೆಚ್ಚು ಮಾತಾಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಹೋಗಬೇಕಾದರೆ ತಲೆಗೆ ಟಾರ್ಚು ಕಟ್ಟಿಕೊಂಡು, ಒದ್ದೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ಮುಟ್ಟಿನ ದಿನಗಳಲ್ಲಿ ಇದೇ ಎರಡು, ಮೂರು ಸಲ. ಮಂಡಿನೋವಿನ ಅಮ್ಮನನ್ನೋ ನಿದ್ದೆಗಣ್ಣಿನ ಮಗುವನ್ನೋ ಕರೆದುಕೊಂಡು ಹೋಗುವವರು ಟೆಂಟಿನ ಬೆಲೆ ಕೇಳುವ ಮೊದಲು ಆ ಏಣಿಯನ್ನೊಮ್ಮೆ ಹತ್ತಿಳಿಯಲಿ. ಒದ್ದೆಯಾದ ಟೆಂಟನ್ನು ಹಾಗೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಾದಾ ಟೆಂಟಾದರೆ ಹಾಸ್ಟೆಲ್ಲಿನ ಕೋಣೆಯಲ್ಲಿ ಹಗ್ಗಕ್ಕೆ ಹಾಕಿ ಒಣಗಿಸಬಹುದು.

ಇಷ್ಟನ್ನೂ ಹೇಗೋ ಸಂಭಾಳಿಸಬಹುದು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಲೆಕ್ಕ: ಟೆಂಟು ತೆರೆದಿರುವಷ್ಟು ಹೊತ್ತು ಗಾಡಿ ಅಲ್ಲಾಡುವಂತಿಲ್ಲ. ಮೊದಲ ಚಳಿಗಾಲದ ಒಂದು ರಾತ್ರಿ, ಹಿಂಡಿನಿಂದ ಸ್ವಲ್ಪ ದೂರದಲ್ಲಿ ನಾನೊಬ್ಬಳೇ ಇದ್ದಾಗ ಮೂರು ಬೈಕುಗಳು ಬಂದು ನನ್ನ ಟೆಂಟಿನ ಸುತ್ತ ಬೆಳಕು ಬಿಡುತ್ತಾ ಸುತ್ತಿದವು. ನಾನು ಟೆಂಟನ್ನು ಅಲ್ಲೇ ಬಿಟ್ಟು ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡೆ, ದೀಪ ಹಚ್ಚಿಕೊಂಡು ಕುರಿಹಟ್ಟಿಯ ಹತ್ತಿರಕ್ಕೆ ಓಡಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಟೆಂಟು ಹಾಗೇ ಇತ್ತು. ಏನೂ ಆಗಲಿಲ್ಲ. ಆದರೆ ಏನೂ ಆಗದಿರಲು ಸಾಧ್ಯವಾದದ್ದು ನಾನು ಅರೆ ನಿಮಿಷದಲ್ಲಿ ಹೊರಡಬಲ್ಲವಳಾಗಿದ್ದರಿಂದ. ಮೇಲೆ ಮಲಗಿದ್ದರೆ ಅವರ ನಡುವೆಯೇ ಏಣಿ ಇಳಿಯಬೇಕಿತ್ತು, ಆಮೇಲೆ ಹತ್ತು ನಿಮಿಷ ಟೆಂಟು ಮಡಚಬೇಕಿತ್ತು. ಒಂಟಿ ಹೆಣ್ಣಿಗೆ ಎತ್ತರವೇ ಸುರಕ್ಷಿತ ಎಂದು ಗೆಳೆಯ ಪ್ರೀತಿಯಿಂದಲೇ ಹೇಳುತ್ತಾನೆ. ನನಗೆ ಮಾತ್ರ ಸ್ಟಿಯರಿಂಗು ಕೈಗೆ ಹತ್ತಿರವಿರುವುದೇ ಸುರಕ್ಷಿತ ಅನ್ನಿಸುತ್ತದೆ.

ಈ ಟೆಂಟಿನ ಚಿತ್ರವನ್ನು ಮೊಬೈಲಿನಲ್ಲಿ ನನ್ನ ಹಿಂಡಿನ ಹಿರಿಯ ಅವ್ವನಿಗೆ ತೋರಿಸಿದ್ದೆ. ಬಹಳ ಹೊತ್ತು ನೋಡಿ, "ಅಟ್ಟಾ ಹಾಕಿದಂಗ ಐತಲ್ಲ" ಅಂದಳು. ಆಮೇಲೆ, "ಬೆಳಿ ಕಾಯೋರು ಅಟ್ಟದ ಮ್ಯಾಲ ಮಲಗತಾರವ್ವಾ. ಬೆಳಿ ಇದ್ದಲ್ಲೇ ಇರತೈತಿ. ಕುರಿ ಎದ್ದು ಹೋಗತಾವು. ಅಷ್ಟು ಮ್ಯಾಲ ಮಲಗಿದ್ರ ಕುರಿ ಬೆದರಿದ್ದು ನಿನಗ ಹೆಂಗ ತಿಳೀಬೇಕು?"

ತೋಳ ಬಂದಾಗ ಮೊದಲು ನಾಯಿ ಬೊಗಳುತ್ತದೆ ಎಂದು ನಾನು ಬರೆದುಕೊಂಡಿದ್ದೆ. ಅದಕ್ಕೂ ಮೊದಲು ಸಾವಿರಾರು ಗೊರಸುಗಳು ಒಮ್ಮೆಗೇ ಮಿಸುಕಿದ್ದು ನೆಲಕ್ಕೆ ಮೈಕೊಟ್ಟು ಮಲಗಿದವರಿಗೆ ತಿಳಿಯುತ್ತದೆ ಎಂಬುದನ್ನು ಅವಳ ಪಕ್ಕ ಮಲಗಿದ ಮೇಲೆ ಸೇರಿಸಿಕೊಂಡೆ. ನನ್ನ ಮೂರನೇ ಅಧ್ಯಾಯ ಪೂರ್ತಿ ಇಂಥ ತಿಳಿವಳಿಕೆಯ ಬಗ್ಗೆ.

ಗೆಳೆಯನ ಕಪ್ಪೆಗಳು ಬೆಳೆಯ ಹಾಗೆ. ಅದೇ ಹೊಂಡ, ಅದೇ ಹಳ್ಳ, ತಿಂಗಳಿಡೀ ಅಲ್ಲೇ ಕೂಗುತ್ತವೆ. ಅವನಿಗೆ ಆ ಟೆಂಟು ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿದಿದೆ. ಮಳೆಕಾಡಿನಲ್ಲಿ ಒಂದೇ ಕಡೆ ನಾಲ್ಕಾರು ರಾತ್ರಿ ಬೀಡುಬಿಡುವವರು, ಜೊತೆಗೆ ಇನ್ನೊಂದು ಗಾಡಿಯೋ ಇನ್ನಿಬ್ಬರು ಜನರೋ ಇರುವವರು, ಗಟ್ಟಿ ಮಂಡಿಯವರು ಧಾರಾಳವಾಗಿ ಕೊಳ್ಳಲಿ. ದಿನವೂ ಜಾಗ ಬದಲಿಸುವವರು, ಬೀಡುಬಿಟ್ಟ ಮೇಲೆ ಹಾಲಿಗೋ ಡೀಸೆಲ್ಲಿಗೋ ಅದೇ ಗಾಡಿಯಲ್ಲಿ ಪೇಟೆಗೆ ಹೋಗಬೇಕಾದವರು, ಒಂಟಿಯಾಗಿ ತಿರುಗುವವರು ಎರಡು ಸಲ ಯೋಚಿಸಲಿ.

ನಾನು ಬೇಡವೆಂದು ಹೇಳಿದ್ದೇನೆ. ಆ 45 ಸಾವಿರದಲ್ಲಿ ನಾಲ್ಕರಲ್ಲೊಂದು ಪಾಲು ಖರ್ಚು ಮಾಡಿ ಒಳ್ಳೆಯ ನೆಲಹಾಸು, ಚಳಿಗೆ ತಡೆಯುವ ಮಲಗುಚೀಲ, ಬೊಲೆರೊಗೆ ಹೊಸ ಬ್ಯಾಟರಿ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಟೆಂಟನ್ನು ಅವನ ವಿಭಾಗದ ಜೂನಿಯರ್ ಹುಡುಗಿಯೊಬ್ಬಳು ನೋಡಿ ಹೋಗಿದ್ದಾಳೆ. ಅವಳದೂ ಕಪ್ಪೆಯೇ. ಚೌಕಾಸಿ ನಡೆಯುತ್ತಿದೆ.